ಕಚೇರಿ ಮೇಲ್‌ಗೊಂದು ದಿಡ್ಡಿ ಬಾಗಿಲು

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಅದಕ್ಕೆ ಮುಂಚೆಯೇ ಬೆಂಗಳೂರು ಬಿಟ್ಟವರು, ಆಮೇಲೆ ಪಾಸ್ ಹಿಡಿದು ಹೊರಟವರು, ಎಲ್ಲರೂ ಲ್ಯಾಪ್‌ಟಾಪ್ ಚೀಲದ ಸಮೇತ ಊರು ಸೇರಿಕೊಂಡರು. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದ ಪಂಪ್‌ಹೌಸ್ ಕಟ್ಟೆ, ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಬ್ಯಾರನ್ ಪಕ್ಕದ ಜಗಲಿ, ಹೊಳೆನರಸೀಪುರದ ಹಳ್ಳಿಗಳಲ್ಲಿ ಮನೆಯ ತಾರಸಿ. ಸಿಗ್ನಲ್ ಎಲ್ಲಿ ಸಿಕ್ಕಿತೋ ಅಲ್ಲೇ ಆಫೀಸು. ಕಂಪನಿಯ ಮೇಲ್ ಅಲ್ಲಿಗೇ ಬಂತು. ಮೇಲ್ ಬಂದದ್ದು ಎಲ್ಲರಿಗೂ ಗೊತ್ತು, ಯಾವ ದಾರಿಯಲ್ಲಿ ಬಂತು ಎಂದು ಯೋಚಿಸಿದವರು ಕಡಿಮೆ. ಹಿಂದಿನ ವಾರದವರೆಗೆ ಆ ಮೇಲ್ ಸರ್ವರ್ ಒಂದು ಗೋಡೆಯ ಹಿಂದೆ ಇತ್ತು, ಹೊರಗಿನವರಿಗೆ ಪ್ರವೇಶ ಇಲ್ಲ ಎಂಬುದೇ ಆ ಗೋಡೆಯ ಕೆಲಸವಾಗಿತ್ತು. ಈಗ ಕಂಪನಿಯ ನೌಕರರೆಲ್ಲ ಹೊರಗಿನವರೇ ಆಗಿಬಿಟ್ಟಿದ್ದರು.

ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಅದನ್ನು ಹೇಗೋ ನಿಭಾಯಿಸಿದವು. ಅವುಗಳ ಬಳಿ ದುಡ್ಡಿದೆ, ಅದೇ ಕೆಲಸಕ್ಕೆ ನೇಮಿಸಿದ ಜನ ಇದ್ದಾರೆ. ನನ್ನ ಕಾಳಜಿ ಜಿಲ್ಲೆಯೊಳಗಿನ ಕಚೇರಿಗಳದ್ದು. ಹಾಸನದಲ್ಲಿ ಕೇಂದ್ರ ಕಚೇರಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಒಂದೊಂದು ಶಾಖೆ ಇಟ್ಟುಕೊಂಡ ಪತ್ತಿನ ಸಹಕಾರ ಸಂಘಗಳು, ಶಾಲೆ ನಡೆಸುವ ಟ್ರಸ್ಟ್‌ಗಳು, ಲಾರಿ ಕಂಪನಿಗಳು, ಆಲೂಗೆಡ್ಡೆ-ಶುಂಠಿ ವ್ಯಾಪಾರದ ಸಂಸ್ಥೆಗಳು, ಆಡಿಟರ್ ಆಫೀಸುಗಳು. ಇಂಥ ಕಡೆ ಸಾಮಾನ್ಯವಾಗಿ ಶಾಖೆಗೊಂದೇ ಮೇಲ್ ವಿಳಾಸ, ಅದಕ್ಕೊಂದೇ ಪಾಸ್‌ವರ್ಡ್. ಅದನ್ನು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿರುತ್ತಾರೆ, ಇಲ್ಲವೇ ಟೇಬಲ್ಲಿನ ಗಾಜಿನ ಕೆಳಗೆ ಇಟ್ಟಿರುತ್ತಾರೆ. ಮ್ಯಾನೇಜರಿಗೆ ಗೊತ್ತು, ಗುಮಾಸ್ತರಿಗೆ ಗೊತ್ತು, ಎರಡು ವರ್ಷದ ಹಿಂದೆ ಕೆಲಸ ಬಿಟ್ಟ ಹುಡುಗನಿಗೂ ಗೊತ್ತು. ಹೊರಗಿನಿಂದ ಮೇಲ್ ನೋಡುವ ಸೌಲಭ್ಯ ಅಲ್ಲಿ ಆಗಲೇ ಇದೆ. ನೋಡುವವರು ಯಾರು ಎಂಬ ಲೆಕ್ಕ ಮಾತ್ರ ಇಲ್ಲ. ಗೋಡೆ, ಬಾಗಿಲು, ಕೀಲಿ, ಈ ಮೂರರಲ್ಲಿ ನಮ್ಮ ಸಣ್ಣ ಊರುಗಳು ಸೋಲುತ್ತಿರುವುದು ಕೀಲಿಯ ವಿಚಾರದಲ್ಲಿ ಎಂಬುದು ನನ್ನ ತಿಳಿವಳಿಕೆ. ಅದನ್ನು ಹೇಳಬೇಕಾದರೆ ಗೋಡೆಯಿಂದಲೇ ಶುರು ಮಾಡಬೇಕು.

ಗೋಡೆ ಬೇಕು ಎಂದು ಜಗತ್ತಿಗೆ ಅರಿವಾಗುವಂತೆ ಮಾಡಿದ್ದರಲ್ಲೂ ಇ-ಮೇಲ್‌ನ ಪಾತ್ರವಿದೆ. 1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ಒಂದು ಪ್ರೋಗ್ರಾಂ ತನ್ನಷ್ಟಕ್ಕೆ ತಾನೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡಿಕೊಂಡಿತು. ಆಗ ಇಂಟರ್ನೆಟ್ಟಿಗೆ ಸೇರಿದ್ದ ಸುಮಾರು 60,000 ಯಂತ್ರಗಳಲ್ಲಿ 6,000ದಷ್ಟು ಅದರ ಕಾಟಕ್ಕೆ ಸಿಕ್ಕವು ಎಂಬುದು ಆ ಕಾಲದ ಅಂದಾಜು. ಅದು ಒಳನುಗ್ಗಲು ಬಳಸಿದ ದಾರಿಗಳಲ್ಲಿ ಒಂದು ಸೆಂಡ್‌ಮೇಲ್ ಎಂಬ ಮೇಲ್ ಸಾಗಿಸುವ ತಂತ್ರಾಂಶದ ದೋಷ, ಇನ್ನೊಂದು ಜನ ಇಟ್ಟುಕೊಂಡಿದ್ದ ಸುಲಭದ ಪಾಸ್‌ವರ್ಡ್‌ಗಳನ್ನು ಊಹಿಸುವುದು. ಮೂವತ್ತೈದು ವರ್ಷ ಕಳೆದ ಮೇಲೂ ಈ ಎರಡೇ ದಾರಿಗಳ ಜೊತೆ ನಾವು ಬಡಿದಾಡುತ್ತಿದ್ದೇವೆ. ಅಲ್ಲಿಂದ ಮುಂದೆ ಸಂಸ್ಥೆಗಳು ತಮ್ಮ ಜಾಲಕ್ಕೂ ಹೊರಗಿನ ಜಾಲಕ್ಕೂ ನಡುವೆ ಫೈರ್‌ವಾಲ್ ಇಡುವುದು ವಾಡಿಕೆಯಾಯಿತು.

ಫೈರ್‌ವಾಲ್ ಮಾಡುವ ಕೆಲಸ ಸರಳವಾದದ್ದು. ಇಂಟರ್ನೆಟ್ಟಿನಲ್ಲಿ ಮಾಹಿತಿ ಸಣ್ಣ ಸಣ್ಣ ಕಟ್ಟುಗಳಾಗಿ ಓಡಾಡುತ್ತದೆ. ಪ್ರತಿ ಕಟ್ಟಿನ ಮೇಲೂ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಯಾವ ಪೋರ್ಟಿಗೆ ಸೇರಬೇಕು ಎಂಬ ವಿವರ ಇರುತ್ತದೆ. ಒಂದು ಸರ್ವರಿನಿಂದ ಇನ್ನೊಂದಕ್ಕೆ ಮೇಲ್ ಸಾಗಲು 25ನೇ ಪೋರ್ಟು. ಮೇಲ್ ಇಳಿಸಿಕೊಳ್ಳಲು ಹಳೆಯ ಪದ್ಧತಿಯಲ್ಲಿ 110 ಅಥವಾ 143. ಬ್ರೌಸರಿನಲ್ಲಿ ಗೂಢಲಿಪಿಯ ಮೂಲಕ ಪುಟ ನೋಡಲು 443. ಫೈರ್‌ವಾಲ್ ತನ್ನ ನಿಯಮಗಳ ಪಟ್ಟಿ ನೋಡಿ ಇದನ್ನು ಬಿಡು, ಅದನ್ನು ತಡೆ ಎಂದು ತೀರ್ಮಾನಿಸುತ್ತದೆ. ಒಳ್ಳೆಯ ಫೈರ್‌ವಾಲ್‌ನ ಕಡೆಯ ನಿಯಮ ಯಾವಾಗಲೂ ಒಂದೇ: ಮೇಲೆ ಹೆಸರಿಸದ ಯಾವುದನ್ನೂ ಬಿಡಬೇಡ.

ಗೋಡೆ ಕಟ್ಟಿದ ಮೇಲೆ ಒಳಗಿನವರಿಗೇ ಕಷ್ಟ ಶುರುವಾಯಿತು. ಬೆಂಗಳೂರಿನಲ್ಲಿ ಬೆಳೆದು ಅಮೆರಿಕಕ್ಕೆ ಹೋದ ಸಬೀರ್ ಭಾಟಿಯಾ ಮತ್ತು ಅವರ ಗೆಳೆಯ ಜ್ಯಾಕ್ ಸ್ಮಿತ್ ಕ್ಯಾಲಿಫೋರ್ನಿಯಾದ ಫೈರ್‌ಪವರ್ ಸಿಸ್ಟಮ್ಸ್ ಎಂಬ ಕಂಪನಿಯಲ್ಲಿದ್ದರು. ಹೊಸ ಉದ್ಯಮದ ಯೋಚನೆಗಳನ್ನು ತಮ್ಮ ತಮ್ಮಲ್ಲಿ ಮೇಲ್ ಮೂಲಕ ಹಂಚಿಕೊಳ್ಳಬೇಕಿತ್ತು. ಆಫೀಸಿನ ಮೇಲ್ ಬಳಸಿದರೆ ಮಾಲೀಕರಿಗೆ ತಿಳಿಯುತ್ತದೆ, ಸ್ವಂತ ಮೇಲ್ ನೋಡೋಣವೆಂದರೆ ಆಫೀಸಿನ ಫೈರ್‌ವಾಲ್ ಬಿಡುವುದಿಲ್ಲ. ಆದರೆ ಬ್ರೌಸರಿನಲ್ಲಿ ವೆಬ್ ಪುಟ ನೋಡಲು ಅಡ್ಡಿ ಇರಲಿಲ್ಲ. ಹಾಗಾದರೆ ಮೇಲ್ ಅನ್ನೇ ವೆಬ್ ಪುಟವಾಗಿ ಮಾಡಿದರೆ? ಆ ಪ್ರಶ್ನೆಯೇ 1996ರ ಜುಲೈ 4ರಂದು ಹಾಟ್‌ಮೇಲ್ ಆಗಿ ಹೊರಬಂತು. ಮುಂದಿನ ವರ್ಷದ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಸುಮಾರು 40 ಕೋಟಿ ಡಾಲರಿಗೆ ಕೊಂಡಿತು. ಹಾಟ್‌ಮೇಲ್ ಎಂಬ ಯೋಚನೆಗೆ ಮೂಲ ಫೈರ್‌ವಾಲ್ ಕೊಟ್ಟ ತೊಂದರೆ ಎಂಬುದು ನನಗೆ ಈ ಇಡೀ ಚರಿತ್ರೆಯಲ್ಲಿ ಬಹಳ ಮುಖ್ಯವಾಗಿ ಕಾಣುತ್ತದೆ. ಜನರಿಗೆ ನಿಜವಾಗಿ ಬೇಕಾದದ್ದನ್ನು ಬರೀ ತಡೆದರೆ ಅವರು ಬೇರೆ ದಾರಿ ಹುಡುಕಿಕೊಂಡೇ ತೀರುತ್ತಾರೆ. ಆದ್ದರಿಂದ ಸರಿಯಾದ ದಾರಿಯನ್ನು ನಾವೇ ಮಾಡಿಕೊಡುವುದು ವಿವೇಕ.

ಕಂಪನಿಗಳಿಗೂ ಅದೇ ಹೊತ್ತಿಗೆ ಇದು ಹೊಳೆಯಿತು. ಮೈಕ್ರೋಸಾಫ್ಟಿನ ಎಕ್ಸ್‌ಚೇಂಜ್ ಮೇಲ್ ಸರ್ವರಿಗೆ 1997ರಲ್ಲಿ ಔಟ್‌ಲುಕ್ ವೆಬ್ ಆಕ್ಸೆಸ್ ಸೇರಿತು. ಎಲ್ಲಿ ಬ್ರೌಸರ್ ಇದೆಯೋ ಅಲ್ಲಿ ಆಫೀಸಿನ ಮೇಲ್ ನೋಡಬಹುದು ಎಂದಾಯಿತು. ಆಗ ಎದ್ದ ಪ್ರಶ್ನೆ ಈ ಪುಟವನ್ನು ಕೊಡುವ ಸರ್ವರನ್ನು ಎಲ್ಲಿ ಇಡುವುದು ಎಂಬುದು. ಗೋಡೆಯ ಒಳಗೆ ಇಟ್ಟರೆ ಹೊರಗಿನ ಅಪರಿಚಿತರು ನೇರವಾಗಿ ಒಳಮನೆಗೆ ಬಂದಂತೆ. ಹೊರಗೆ ಇಟ್ಟರೆ ಅದು ಎಲ್ಲರ ಕೈಗೆ ಸಿಗುತ್ತದೆ, ಜೊತೆಗೆ ಒಳಗಿನ ಮೇಲ್‌ಪೆಟ್ಟಿಗೆಯ ಜೊತೆ ಮಾತಾಡಲು ಅದಕ್ಕೆ ಗೋಡೆಯಲ್ಲಿ ಹತ್ತಾರು ರಂಧ್ರ ಕೊರೆಯಬೇಕು.

ನಮ್ಮ ಜಿಲ್ಲೆಯ ಕೋಟೆ ಕಟ್ಟಿದವರು ಇದೇ ಪ್ರಶ್ನೆಗೆ ಉತ್ತರ ಕಂಡುಕೊಂಡಿದ್ದರು. ಚನ್ನರಾಯಪಟ್ಟಣದ ಮೇಲೆ ಮರಾಠರ ದಾಳಿ ಮತ್ತೆ ಮತ್ತೆ ಆಗುತ್ತಿದ್ದುದರಿಂದ ಹೈದರ್ ಅಲಿ ಅಲ್ಲಿಯ ಕೋಟೆಗೆ ನೀರಿನ ಕಂದಕ ಮತ್ತು ತಿರುವು ಬಾಗಿಲುಗಳನ್ನು ಸೇರಿಸಿದ ಎಂದು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸಿದೆ. ತಿರುವು ಬಾಗಿಲೆಂದರೆ ಹೊರಬಾಗಿಲಿನಿಂದ ಒಳಬಾಗಿಲಿಗೆ ನೇರ ದಾರಿ ಇಲ್ಲದಂತೆ ನಡುವೆ ಅಡ್ಡಗೋಡೆ ಕಟ್ಟುವುದು. ಒಳಬಂದವನು ತಿರುಗಿ ನಡೆಯಬೇಕು. ಆ ನಡುವಿನ ಅಂಗಳದಲ್ಲಿ ಕಾವಲಿನವರು ಅವನ ಮುಖ ನೋಡುತ್ತಾರೆ, ಗಂಟು ಬಿಚ್ಚಿಸುತ್ತಾರೆ. ಹೊತ್ತು ಮುಳುಗಿದ ಮೇಲೆ ದೊಡ್ಡ ಬಾಗಿಲು ಮುಚ್ಚಿದರೂ ಒಬ್ಬೊಬ್ಬರಾಗಿ ಬಗ್ಗಿ ಬರಲು ಅದರಲ್ಲೇ ಒಂದು ದಿಡ್ಡಿ ಬಾಗಿಲು ಇರುತ್ತದೆ.

ಕಂಪ್ಯೂಟರ್ ಜಾಲದಲ್ಲೂ ಹೊರಗೋಡೆಗೂ ಒಳಗೋಡೆಗೂ ನಡುವೆ ಇಂಥದ್ದೇ ಒಂದು ಅಂಗಳ ಬಿಡುತ್ತಾರೆ. ಎರಡು ದೇಶಗಳ ನಡುವಿನ ಸೈನ್ಯರಹಿತ ವಲಯದ ಹೆಸರಿನಿಂದ ಅದನ್ನು ಡಿಎಂಜೆಡ್ ಎನ್ನುತ್ತಾರೆ. ಅಲ್ಲಿ ಮೇಲ್ ಸರ್ವರ್ ಇರುವುದಿಲ್ಲ, ಮೇಲ್‌ನ ಪ್ರತಿಯೂ ಇರುವುದಿಲ್ಲ. ರಿವರ್ಸ್ ಪ್ರಾಕ್ಸಿ ಎಂಬ ಒಂದು ಕಾವಲು ಯಂತ್ರ ಮಾತ್ರ ಇರುತ್ತದೆ. ಅರಕಲಗೂಡಿನ ಶಾಖೆಯ ಸಿಬ್ಬಂದಿ ಬ್ರೌಸರಿನಲ್ಲಿ ಸಂಸ್ಥೆಯ ಮೇಲ್ ಪುಟದ ವಿಳಾಸ ಒತ್ತಿದರೆ ಅವರ ಕೋರಿಕೆ 443ನೇ ಪೋರ್ಟಿನಿಂದ ಹೊರಗೋಡೆ ದಾಟಿ ಈ ಪ್ರಾಕ್ಸಿಯ ಮುಂದೆ ನಿಲ್ಲುತ್ತದೆ. ಗೂಢಲಿಪಿಯನ್ನು ಪ್ರಾಕ್ಸಿ ಬಿಡಿಸುತ್ತದೆ. ಬಂದ ಕೋರಿಕೆಯ ರೂಪ ಸರಿ ಇದೆಯೇ, ಅದರಲ್ಲಿ ಏನಾದರೂ ಕುತಂತ್ರದ ಸಾಲು ಅಡಗಿದೆಯೇ ಎಂದು ನೋಡುತ್ತದೆ. ಹೆಸರು, ಪಾಸ್‌ವರ್ಡ್, ಫೋನಿನಲ್ಲಿ ಸಿಗುವ ಎರಡನೇ ಸಂಖ್ಯೆ ಕೇಳುತ್ತದೆ. ಎಲ್ಲ ಸರಿ ಇದ್ದರೆ ಮಾತ್ರ ತಾನೇ ಒಳಗೋಡೆ ದಾಟಿ ಮೇಲ್ ಸರ್ವರಿನ ಬಳಿ ಹೋಗಿ, ಪುಟ ತಂದು, ಮತ್ತೆ ಗೂಢಲಿಪಿಯಲ್ಲಿ ಕಟ್ಟಿ ಕಳಿಸುತ್ತದೆ. ಒಳಗಿನ ಸರ್ವರಿಗೆ ಅರಕಲಗೂಡಿನ ಬ್ರೌಸರ್ ಗೊತ್ತಿಲ್ಲ, ಬ್ರೌಸರಿಗೆ ಒಳಗಿನ ಸರ್ವರಿನ ನಿಜ ವಿಳಾಸ ಗೊತ್ತಿಲ್ಲ. ಅಷ್ಟೆಲ್ಲ ರಂಧ್ರ ಕೊರೆಯುವ ಬದಲು ಹೊರಗಿನಿಂದ ಒಂದು, ಪ್ರಾಕ್ಸಿಯಿಂದ ಒಳಕ್ಕೆ ಒಂದು, ಹೀಗೆ ಎರಡೇ ದಾರಿಗಳಲ್ಲಿ ಕೆಲಸ ಮುಗಿಯುತ್ತದೆ. ಇದಕ್ಕೆ ದುಬಾರಿ ಪೆಟ್ಟಿಗೆಯೇ ಬೇಕೆಂದಿಲ್ಲ. ಎಂಜಿನ್‌ಎಕ್ಸ್ ಎಂಬ ಮುಕ್ತ ತಂತ್ರಾಂಶ ಈ ಕಾವಲನ್ನು ಮಾಡಬಲ್ಲದು, ರೌಂಡ್‌ಕ್ಯೂಬ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಮೇಲ್ ಪುಟ ತೋರಿಸಬಲ್ಲದು.

ಗೂಢಲಿಪಿ ಎಂದೆ. ಅದು ಬ್ರೌಸರಿನ ವಿಳಾಸಪಟ್ಟಿಯಲ್ಲಿ ಕಾಣುವ ಎಚ್‌ಟಿಟಿಪಿಎಸ್. ಇವತ್ತು ಅದಿಲ್ಲದ ಮೇಲ್ ಪುಟ ಊಹಿಸುವುದೂ ಕಷ್ಟ, ಆದರೆ ಅದು ಸಲೀಸಾಗಿ ಬಂದದ್ದಲ್ಲ. ಜಿಮೇಲ್ ಕೂಡ ಎಲ್ಲರಿಗೂ ಎಲ್ಲ ಹೊತ್ತೂ ಎಚ್‌ಟಿಟಿಪಿಎಸ್ ಎಂದು ಮಾಡಿದ್ದು 2010ರ ಜನವರಿಯಲ್ಲಿ. ಅದಕ್ಕೆ ಬೇಕಾದ ಪ್ರಮಾಣಪತ್ರ ಒಂದು ಕಾಲಕ್ಕೆ ದುಡ್ಡು ಕೊಟ್ಟು ಕೊಳ್ಳುವ ವಸ್ತುವಾಗಿತ್ತು. 2016ರ ಹೊತ್ತಿಗೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ ಅದನ್ನು ಎಲ್ಲರಿಗೂ ಉಚಿತ ಮಾಡಿತು. ಹಾಸನದ ಪುಟ್ಟ ಸಂಸ್ಥೆಗೂ ಈ ವಿಷಯದಲ್ಲಿ ಬಡತನದ ನೆಪ ಉಳಿದಿಲ್ಲ.

ಹಾಗಂತ ಎಲ್ಲದಕ್ಕೂ ಬಾಗಿಲು ಇಡಬೇಕೆಂದಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿರುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ನಿಭಾಯಿಸುವ ಜಾಗ. ಉಪಗ್ರಹಕ್ಕೆ ಆಜ್ಞೆ ಕಳಿಸುವ ಯಂತ್ರಕ್ಕೆ ಮನೆಯಿಂದ ಬ್ರೌಸರ್ ಬಾಗಿಲು ಕೊಡಿ ಎಂದು ಯಾರೂ ಕೇಳಬಾರದು. ಇಂಥ ಕಡೆ ಆಡಳಿತದ ಜಾಲ ಬೇರೆ, ಯಂತ್ರ ನಡೆಸುವ ಜಾಲ ಬೇರೆ ಇರಬೇಕು ಎಂಬುದಕ್ಕೆ 2019ರ ಕೂಡಂಕುಳಂ ಅಣುವಿದ್ಯುತ್ ಸ್ಥಾವರದ ಪ್ರಕರಣ ಸಾಕ್ಷಿ. ಅಲ್ಲಿ ಇಂಟರ್ನೆಟ್ಟಿಗೆ ಸೇರಿದ್ದ ಆಡಳಿತ ವಿಭಾಗದ ಒಂದು ಕಂಪ್ಯೂಟರಿಗೆ ಕುತಂತ್ರಾಂಶ ಹೊಕ್ಕಿತ್ತು. ಅದು ಮುಖ್ಯ ಜಾಲದಿಂದ ಬೇರ್ಪಟ್ಟಿದ್ದರಿಂದ ಸ್ಥಾವರಕ್ಕೆ ತೊಂದರೆಯಾಗಿಲ್ಲ ಎಂದು ಅಣುವಿದ್ಯುತ್ ನಿಗಮ ಅಕ್ಟೋಬರ್ 30ರಂದು ಹೇಳಿಕೆ ಕೊಟ್ಟಿತು. ಸಣ್ಣ ಸಂಸ್ಥೆಯಲ್ಲೂ ಇದೇ ಪಾಠ. ಮೇಲ್‌ಗೆ ಬಾಗಿಲಿರಲಿ, ಸದಸ್ಯರ ಠೇವಣಿ ಲೆಕ್ಕದ ಕಂಪ್ಯೂಟರಿಗೆ ಬೇಡ.

ಬಾಗಿಲು ಇಟ್ಟ ಮೇಲೆ ಆ ಬಾಗಿಲಿನ ಮರವೇ ಹುಳುಕಾಗಬಹುದು. 2021ರ ಮಾರ್ಚ್ 2ರಂದು ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರಿನ ನಾಲ್ಕು ದೋಷಗಳಿಗೆ ತುರ್ತು ತೇಪೆ ಬಿಡುಗಡೆ ಮಾಡಿತು. ಅವುಗಳಲ್ಲಿ ಮೊದಲನೆಯದನ್ನು ಪತ್ತೆ ಮಾಡಿದ ತೈವಾನಿನ ಸಂಶೋಧಕರು ಅದಕ್ಕೆ ಪ್ರಾಕ್ಸಿಲಾಗನ್ ಎಂದು ಹೆಸರಿಟ್ಟರು. ಪಾಸ್‌ವರ್ಡ್ ಕೇಳುವ ಹಂತಕ್ಕೆ ಮುಂಚೆಯೇ ಒಳನುಗ್ಗಲು ಆ ದೋಷ ಬಿಡುತ್ತಿತ್ತು. ಜಗತ್ತಿನಾದ್ಯಂತ ಹತ್ತಾರು ಸಾವಿರ ಸಂಸ್ಥೆಗಳ ಮೇಲ್ ಸರ್ವರುಗಳಿಗೆ ಕನ್ನ ಬಿತ್ತು. ವೆಬ್‌ಮೇಲ್ ಪುಟವನ್ನು ಇಡೀ ಜಗತ್ತಿಗೆ ನೇರವಾಗಿ ತೆರೆದಿಟ್ಟವರು ಮೊದಲು ಸಿಕ್ಕಿಬಿದ್ದರು. ಪುಟದ ಮುಂದೆ ವಿಪಿಎನ್ ಎಂಬ ಗೂಢಲಿಪಿಯ ಸುರಂಗ ಇಟ್ಟುಕೊಂಡವರಿಗೆ ಆ ಮೊದಲ ಹೊಡೆತ ತಾಗಲಿಲ್ಲ. ಸ್ವಂತ ಸರ್ವರ್ ಇಟ್ಟುಕೊಳ್ಳುವ ಸಂಸ್ಥೆ ತೇಪೆ ಬಂದ ದಿನವೇ ಹಾಕುವ ಒಬ್ಬ ಮನುಷ್ಯನನ್ನೂ ಇಟ್ಟುಕೊಳ್ಳಬೇಕು. ಆ ಶಕ್ತಿ ಇಲ್ಲದಿದ್ದರೆ ಜೋಹೋ, ಗೂಗಲ್, ಮೈಕ್ರೋಸಾಫ್ಟ್‌ನಂಥವರ ಬಳಿ ತಲೆಗಿಷ್ಟು ಎಂದು ಬಾಡಿಗೆ ಕೊಟ್ಟು ಮೇಲ್ ಇಡುವುದೇ ಮೇಲು. ಸ್ವಂತದ್ದು ಎಂಬ ಅಭಿಮಾನಕ್ಕೆ ಹಳೆಯ ಸರ್ವರನ್ನು ಮೂಲೆಯಲ್ಲಿ ಓಡಿಸುತ್ತ ಕೂರುವುದು ಸದಸ್ಯರ ಗುಟ್ಟುಗಳೊಡನೆ ಆಡುವ ಆಟ.

ಇನ್ನು ಕೀಲಿಯ ವಿಷಯ. ಇದರಲ್ಲಿ ಕರ್ನಾಟಕದ ತಾಲ್ಲೂಕು ಕಚೇರಿಗಳು ಇಪ್ಪತ್ತೈದು ವರ್ಷದ ಹಿಂದೆಯೇ ದೇಶಕ್ಕೆ ದಾರಿ ತೋರಿಸಿದ್ದವು ಎಂಬುದನ್ನು ಈಗ ಎಷ್ಟು ಜನ ನೆನೆಯುತ್ತಾರೋ. ಹೊಸ ಶತಮಾನದ ಆರಂಭದಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಬಂದ ಭೂಮಿ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದಕ್ಕೆ ಮುಂಚೆ ಪಹಣಿ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ಯಾರು ಯಾವಾಗ ತಿದ್ದಿದರು ಎಂದು ಕೇಳಿದರೆ ಉತ್ತರ ಸಿಗುತ್ತಿರಲಿಲ್ಲ. ಭೂಮಿ ಬಂದ ಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಕ್ಕಿತು. ಅದು ಜನರ ಕಣ್ಣಿಗೆ ಕಂಡ ಬದಲಾವಣೆ. ಕಾಣದ ಬದಲಾವಣೆ ಇನ್ನೂ ದೊಡ್ಡದು. ದಾಖಲೆ ತಿದ್ದುವ ಸಿಬ್ಬಂದಿ ಬರೀ ಪಾಸ್‌ವರ್ಡ್ ಒತ್ತಿ ಒಳಹೋಗುವಂತಿರಲಿಲ್ಲ, ಬೆರಳಚ್ಚು ಕೊಡಬೇಕಿತ್ತು. ಯಾರ ಬೆರಳಿನಿಂದ ಯಾವ ವ್ಯವಹಾರ ಆಯಿತು ಎಂಬುದು ಯಂತ್ರದಲ್ಲಿ ದಾಖಲಾಗುತ್ತಿತ್ತು. ನನ್ನ ಪಾಸ್‌ವರ್ಡ್ ಬೇರೆ ಯಾರೋ ಬಳಸಿದರು ಎಂಬ ಮಾತಿಗೆ ಜಾಗ ಉಳಿಯಲಿಲ್ಲ.

ಹೊಳೆನರಸೀಪುರದ ರೈತನ ಒಂದು ಎಕರೆ ಗದ್ದೆಯ ದಾಖಲೆಗೆ ಅಷ್ಟು ಕಾವಲು ಕೊಟ್ಟ ನಾಡು ಇದು. ಅದೇ ರೈತನ ಸಾಲದ ಅರ್ಜಿ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್‌ನ ಚಿತ್ರ ಅದೇ ಊರಿನ ಸಂಘದ ಮೇಲ್‌ನಲ್ಲಿ ಚೀಟಿಯ ಪಾಸ್‌ವರ್ಡ್‌ನ ಹಿಂದೆ ಬಿದ್ದಿರುವುದನ್ನು ಯೋಚಿಸಿದರೆ ನನಗೆ ಬೇಸರವಾಗುತ್ತದೆ. ಕೇಂದ್ರ ಸರ್ಕಾರದ ಇ-ಮೇಲ್ ನೀತಿ 2015ರಲ್ಲಿ ಬಂತು, ಅಧಿಕೃತ ಪತ್ರವ್ಯವಹಾರಕ್ಕೆ ಸರ್ಕಾರದ್ದೇ ಐಟಿ ಸಂಸ್ಥೆಯಾದ ಎನ್‌ಐಸಿಯ ಮೇಲ್ ಬಳಸಬೇಕೆಂದಿತು. ಆ ಮೇಲ್‌ಗೆ ಪಾಸ್‌ವರ್ಡ್ ಜೊತೆಗೆ ಎರಡನೇ ಕೀಲಿಯಾಗಿ ಕವಚ್ ಎಂಬ ಆ್ಯಪ್ ಬಂತು. ಸಹಕಾರ ಸಂಘ, ಟ್ರಸ್ಟು, ಖಾಸಗಿ ಕಂಪನಿಗಳಿಗೆ ಅಂಥ ಆಸರೆ ಇಲ್ಲ, ಅವು ತಮ್ಮ ದಾರಿ ತಾವೇ ನೋಡಿಕೊಳ್ಳಬೇಕು.

ಹಂಚಿಕೊಂಡ ಪಾಸ್‌ವರ್ಡಿನ ಕೆಡುಕು ಕಳ್ಳತನಕ್ಕೆ ಮಾತ್ರ ಸೀಮಿತವಲ್ಲ. 2022ರ ಏಪ್ರಿಲ್ 28ರ ಸೂಚನೆಯಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತೆಯ ಸರ್ಟ್-ಇನ್ ಸಂಸ್ಥೆ, ಸೈಬರ್ ಅವಘಡ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಕಂಪ್ಯೂಟರುಗಳ ಲಾಗ್ ದಾಖಲೆಯನ್ನು 180 ದಿನ ಇಟ್ಟುಕೊಂಡಿರಬೇಕು ಎಂದಿದೆ. ಎಲ್ಲರಿಗೂ ಒಂದೇ ಹೆಸರಾದರೆ ಆ ಲಾಗ್‌ನಲ್ಲಿ ಸಿಗುವುದೇನು? ಶಾಖೆಯ ಹೆಸರು, ಸಮಯ, ಅಷ್ಟೆ. ತಪ್ಪು ಮಾಡಿದವರು ತಪ್ಪಿಸಿಕೊಳ್ಳುತ್ತಾರೆ, ಮಾಡದವರು ಅನುಮಾನ ಹೊತ್ತು ತಿರುಗಬೇಕಾಗುತ್ತದೆ. ಸಾಮಾನ್ಯವಾಗಿ ಅನುಮಾನ ಬೀಳುವುದು ಕಡಿಮೆ ಸಂಬಳದ ಕಿರಿಯರ ಮೇಲೆ. ಪ್ರತಿಯೊಬ್ಬರಿಗೂ ಅವರದೇ ಹೆಸರಿನ ಖಾತೆ ಕೊಡಿ ಎಂದು ನಾನು ಒತ್ತಿ ಹೇಳುವುದು ಮುಖ್ಯವಾಗಿ ಅವರ ಸಲುವಾಗಿ. ತನ್ನ ಹೆಸರಿನ ಖಾತೆ ಇದ್ದರೆ ತಾನು ಮಾಡದ್ದನ್ನು ಮಾಡಿಲ್ಲ ಎಂದು ತೋರಿಸಲು ಆಧಾರ ಇರುತ್ತದೆ. ಶಾಖೆಯ ಸಾಮಾನ್ಯ ವಿಳಾಸವೂ ಬೇಕು, ನಿಜ. ಅದನ್ನು ಹಂಚಿಕೆಯ ಪೆಟ್ಟಿಗೆಯಾಗಿ ಮಾಡಿ, ಯಾರು ಯಾರು ತಮ್ಮ ತಮ್ಮ ಖಾತೆಯಿಂದ ಅದನ್ನು ತೆರೆಯಬಹುದು ಎಂದು ಅನುಮತಿ ಕೊಡುವ ಸೌಲಭ್ಯ ಇವತ್ತಿನ ಎಲ್ಲ ಮುಖ್ಯ ಮೇಲ್ ಸೇವೆಗಳಲ್ಲೂ ಇದೆ.

ಪಾಸ್‌ವರ್ಡ್ ಎಷ್ಟೇ ಗಟ್ಟಿ ಇದ್ದರೂ ಅದನ್ನು ಕೇಳಿ ಪಡೆಯುವ ಕಳ್ಳರಿದ್ದಾರೆ. ಮೇಲ್‌ಪೆಟ್ಟಿಗೆ ತುಂಬಿದೆ, ಇಲ್ಲಿ ಒತ್ತಿ ಎಂಬ ಸಂದೇಶ ಬರುತ್ತದೆ. ಒತ್ತಿದರೆ ಸಂಸ್ಥೆಯ ಲಾಗಿನ್ ಪುಟದಂತೆಯೇ ಕಾಣುವ ಪುಟ ತೆರೆಯುತ್ತದೆ. ಒತ್ತಿದ ಪಾಸ್‌ವರ್ಡ್ ಬೇರೆಲ್ಲೋ ಸೇರುತ್ತದೆ. ಸರ್ಕಾರಿ ನೌಕರರ ಕವಚ್ ಆ್ಯಪನ್ನೇ ನಕಲು ಮಾಡಿ, ಅದನ್ನು ಇಳಿಸಿಕೊಳ್ಳುವಂತೆ ಮಾಡಿದ ಟ್ರಾನ್ಸ್‌ಪರೆಂಟ್ ಟ್ರೈಬ್ ಎಂಬ ಗೂಢಚಾರ ಗುಂಪಿನ ಕೆಲಸವನ್ನು ಸಂಶೋಧಕರು 2022ರಲ್ಲಿ ಬಯಲಿಗೆಳೆದರು. ವ್ಯಾಪಾರಿಗಳಿಗೆ ಬರುವ ಅಪಾಯ ಬೇರೆ ರೂಪದ್ದು. ಕಳ್ಳ ಒಳಹೊಕ್ಕವನು ತಕ್ಷಣ ಏನೂ ಮಾಡುವುದಿಲ್ಲ, ಓದುತ್ತ ಕೂರುತ್ತಾನೆ. ಯಾವ ಲೋಡಿಗೆ ಯಾರು ಎಷ್ಟು ದುಡ್ಡು ಕಳಿಸಬೇಕು ಎಂದು ತಿಳಿದ ಮೇಲೆ, ಸರಿಯಾದ ದಿನ ನೋಡಿ, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ ಎಂದು ಅದೇ ವಿಳಾಸದಿಂದ ಒಂದು ಮೇಲ್ ಹೊರಡಿಸುತ್ತಾನೆ. ಎದುರಿನವರಿಗೆ ಅನುಮಾನ ಬರುವ ಪ್ರಮೇಯವೇ ಇಲ್ಲ. ಇಂಥ ವಂಚನೆಯಿಂದ 2023ರಲ್ಲಿ ಅಮೆರಿಕದ ಎಫ್‌ಬಿಐಗೆ ದೂರಾಗಿ ಬಂದ ನಷ್ಟವೇ 290 ಕೋಟಿ ಡಾಲರಿಗೂ ಹೆಚ್ಚು. ನಮ್ಮಲ್ಲಿ ಹೀಗಾದರೆ ಮೊದಲು 1930 ಸಹಾಯವಾಣಿಗೆ ಫೋನ್ ಮಾಡಬೇಕು, ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಹಾಸನದ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಬೇಕು. ತಡವಾದಷ್ಟೂ ಆ ದುಡ್ಡು ಖಾತೆಯಿಂದ ಖಾತೆಗೆ ಜಾರಿಬಿಡುತ್ತದೆ.

ಆದ್ದರಿಂದಲೇ ಎರಡನೇ ಕೀಲಿ ಬೇಕು. ಎಸ್‌ಎಂಎಸ್‌ನಲ್ಲಿ ಬರುವ ಓಟಿಪಿ ನಮಗೆಲ್ಲ ಪರಿಚಿತ, ಆದರೆ ಮಲೆನಾಡಿನ ಅಂಚಿನ ಅರಕಲಗೂಡಿನಂಥ ತಾಲ್ಲೂಕಿನಲ್ಲಿ ಮಳೆಗಾಲದಲ್ಲಿ ಟವರ್ ಕೈಕೊಟ್ಟರೆ ಓಟಿಪಿಗೆ ಕಾಯುತ್ತ ಕೂರಬೇಕಾಗುತ್ತದೆ. ಅಥೆಂಟಿಕೇಟರ್ ಆ್ಯಪ್‌ಗೆ ಆ ಹಂಗಿಲ್ಲ. ಮೊದಲ ದಿನ ಒಂದು ಗುಟ್ಟಿನ ಸಂಖ್ಯೆಯನ್ನು ಸರ್ವರ್ ಮತ್ತು ಫೋನ್ ಹಂಚಿಕೊಂಡಿರುತ್ತವೆ. ಆಮೇಲೆ ಎರಡೂ ತಮ್ಮ ತಮ್ಮ ಗಡಿಯಾರ ನೋಡಿಕೊಂಡು ಅದೇ ಲೆಕ್ಕ ಮಾಡಿ 30 ಸೆಕೆಂಡಿಗೊಮ್ಮೆ ಒಂದೇ ಆರಂಕಿಯ ಸಂಖ್ಯೆಗೆ ಬರುತ್ತವೆ. ಫೋನಿಗೆ ಸಿಗ್ನಲ್ ಇಲ್ಲದಿದ್ದರೂ ಸರಿ, ಸಿಮ್ಮೇ ಇಲ್ಲದಿದ್ದರೂ ಸರಿ. ಈ ಪದ್ಧತಿಗೆ 2011ರಲ್ಲೇ ಅಂತರರಾಷ್ಟ್ರೀಯ ಮಾನದಂಡ ಬಂದಿದೆ, ಆ್ಯಪ್ ಉಚಿತ. ಇಷ್ಟು ಒಳ್ಳೆಯ ಸಾಧನ ನಮ್ಮ ಗ್ರಾಮಾಂತರ ಶಾಖೆಗಳಿಗೆ ಇನ್ನೂ ತಲುಪದಿರುವುದಕ್ಕೆ ನನಗೆ ಯಾವ ಒಳ್ಳೆಯ ಕಾರಣವೂ ಕಾಣುವುದಿಲ್ಲ.

ಪಾಸ್‌ಕೀ ಎಂಬುದು ಇನ್ನೂ ಮುಂದಿನ ಹೆಜ್ಜೆ. ಇಲ್ಲಿ ಕೀಲಿಯು ಫೋನಿನೊಳಗೇ ಹುಟ್ಟುತ್ತದೆ, ಅದನ್ನು ತೆರೆಯುವುದು ನಮ್ಮ ಬೆರಳು. ಭೂಮಿ ಯೋಜನೆಯ ಬೆರಳಚ್ಚಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಅಲ್ಲಿ ಬೆರಳಚ್ಚನ್ನು ಕಚೇರಿಯ ಯಂತ್ರ ತನ್ನಲ್ಲಿಟ್ಟುಕೊಂಡು ಹೋಲಿಸುತ್ತಿತ್ತು. ಇಲ್ಲಿ ಬೆರಳಚ್ಚು ಫೋನು ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಪ್ರತಿ ಪಾಸ್‌ಕೀಯೂ ಒಂದು ವೆಬ್ ವಿಳಾಸಕ್ಕೆ ಕಟ್ಟಿಕೊಂಡಿರುವುದರಿಂದ ನಕಲಿ ಪುಟದ ಎದುರು ಅದು ಬಾಯಿ ಬಿಡುವುದಿಲ್ಲ. ಕಣ್ಣಿಗೆ ಎರಡೂ ಪುಟ ಒಂದೇ ಥರ ಕಂಡರೂ ಫೋನಿಗೆ ವಿಳಾಸದ ಒಂದಕ್ಷರದ ವ್ಯತ್ಯಾಸವೂ ಗೊತ್ತಾಗುತ್ತದೆ.

ನಮ್ಮ ಊರುಗಳಲ್ಲಿ ಮೇಲ್ ತೆರೆಯುವ ಇನ್ನೊಂದು ಮುಖ್ಯ ಜಾಗವಿದೆ. ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿ. ಮೇಲ್‌ನಲ್ಲಿ ಬಂದ ಪತ್ರದ ಪ್ರಿಂಟ್ ಬೇಕು, ಶಾಖೆಯ ಪ್ರಿಂಟರ್ ಕೆಟ್ಟಿದೆ. "ಪಾಸ್‌ವರ್ಡ್ ಹೇಳಿ ಸಾರ್, ನಾನೇ ಹೊಡ್ದು ತೆಗ್ದುಕೊಡ್ತೀನಿ" ಎನ್ನುತ್ತಾನೆ ಹುಡುಗ. ಅವನ ಮನಸ್ಸಿನಲ್ಲಿ ಕೇಡಿಲ್ಲ, ಸರದಿಯಲ್ಲಿ ಇನ್ನೂ ಆರು ಜನ ನಿಂತಿದ್ದಾರೆ. ಬ್ರೌಸರ್ ಪಾಸ್‌ವರ್ಡ್ ಉಳಿಸಲೇ ಎಂದು ಕೇಳುತ್ತದೆ, ಅವನು ಹೌದು ಒತ್ತಿ ಮುಂದೆ ಹೋಗುತ್ತಾನೆ. ಪತ್ರದ ಪ್ರತಿ ಡೌನ್‌ಲೋಡ್ ಫೋಲ್ಡರಿನಲ್ಲಿ ಉಳಿಯುತ್ತದೆ. ಹಳೆಯ ಔಟ್‌ಲುಕ್ ವೆಬ್ ಆಕ್ಸೆಸ್ ಮಾಡಿದವರು ಇದನ್ನು ಊಹಿಸಿದ್ದರು. ಲಾಗಿನ್ ಪುಟದಲ್ಲೇ ಇದು ಸಾರ್ವಜನಿಕ ಕಂಪ್ಯೂಟರೇ, ಸ್ವಂತದ್ದೇ ಎಂದು ಕೇಳುತ್ತಿತ್ತು. ಸಾರ್ವಜನಿಕ ಎಂದರೆ, ಸುಮ್ಮನೆ ಬಿಟ್ಟ 15 ನಿಮಿಷಕ್ಕೆ ತಾನೇ ಹೊರಹಾಕುತ್ತಿತ್ತು. ಮುಂದಿನ ಆವೃತ್ತಿಗಳಲ್ಲಿ ಆ ಪ್ರಶ್ನೆ ಮಾಯವಾದದ್ದು ನಷ್ಟ ಎಂದೇ ನನ್ನ ಅಭಿಪ್ರಾಯ. ಈಗಲೂ ಸಂಸ್ಥೆಯ ಮೇಲ್ ನೋಡಿಕೊಳ್ಳುವವರು ಮನಸ್ಸು ಮಾಡಿದರೆ, ಪರಿಚಯವಿಲ್ಲದ ಕಂಪ್ಯೂಟರಿನಲ್ಲಿ ಪತ್ರವನ್ನು ಪರದೆಯ ಮೇಲೆ ನೋಡಬಹುದು, ಇಳಿಸಿಕೊಳ್ಳಲು ಆಗದು ಎಂಬ ನಿಯಮ ಹಾಕಬಹುದು. ಅದಕ್ಕಿಂತ ಸುಲಭದ್ದು, ಪ್ರಿಂಟ್ ಬೇಕಾದ ಒಂದೇ ಪತ್ರವನ್ನು ನಮ್ಮ ಫೋನಿನಿಂದ ಅಂಗಡಿಯ ವಿಳಾಸಕ್ಕೆ ಕಳಿಸುವುದು. ಮೇಲ್‌ಪೆಟ್ಟಿಗೆಯನ್ನೇ ಅಂಗಡಿಯಲ್ಲಿ ಬಿಚ್ಚುವ ಅಗತ್ಯ ಯಾರಿಗೂ ಇಲ್ಲ.

ಇಷ್ಟೆಲ್ಲದರ ನಡುವೆ ಇನ್ನೊಂದು ಗೋಡೆಯನ್ನು ನಾವು ಸುಮ್ಮನೆ ಒಪ್ಪಿಕೊಂಡುಬಿಟ್ಟಿದ್ದೇವೆ. ಪ್ರಮಾಣಪತ್ರ ಸರಿಯಿಲ್ಲ ಎಂಬ ಎಚ್ಚರಿಕೆ, ಹೊಸ ಜಾಗದಿಂದ ಯಾರೋ ಲಾಗಿನ್ ಆಗಿದ್ದಾರೆ ಎಂಬ ಸೂಚನೆ, ಎರಡನೇ ಕೀಲಿ ಹಾಕಿಕೊಳ್ಳುವ ಕ್ರಮ, ಎಲ್ಲವೂ ಇಂಗ್ಲಿಷಿನಲ್ಲಿ ಬರುತ್ತವೆ. ಕೆಂಪು ಪುಟ ಕಂಡ ಗುಮಾಸ್ತರು ಅದನ್ನು ದಾಟುವ ಗುಂಡಿ ಎಲ್ಲಿದೆ ಎಂದು ಹುಡುಕುತ್ತಾರೆಯೇ ಹೊರತು ಅದು ಏನು ಹೇಳುತ್ತಿದೆ ಎಂದು ಓದುವುದಿಲ್ಲ. ಅವರನ್ನು ದೂರಿ ಫಲವಿಲ್ಲ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಕನ್ನಡದಲ್ಲಿವೆ, ಜಿಮೇಲ್ ಪುಟ ಕನ್ನಡದಲ್ಲಿ ಸಿಗುತ್ತದೆ. ಸೆಟ್ಟಿಂಗ್ ಬದಲಿಸಿಕೊಡುವವರು ಇಲ್ಲ, ಅಷ್ಟೆ. ಕನ್ನಡದಲ್ಲಿ ವ್ಯವಹರಿಸುವ ಸಂಘದಲ್ಲಿ ಅಪಾಯದ ಎಚ್ಚರಿಕೆಯೂ ಕನ್ನಡದಲ್ಲೇ ಇರಬೇಕು. ಇದು ಭಾಷಾಭಿಮಾನದ ಮಾತಾಗುವ ಮೊದಲೇ ಭದ್ರತೆಯ ಮಾತು.

ಈ ಕೆಲಸಕ್ಕೆ ಬೇಕಾದ ಜನ ಜಿಲ್ಲೆಯಲ್ಲೇ ಇದ್ದಾರೆ. ಹಾಸನದಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದೆ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಬಾಹುಬಲಿ ಎಂಜಿನಿಯರಿಂಗ್ ಕಾಲೇಜು ಇದೆ. ಕಡೆಯ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತ ಬೆಂಗಳೂರಿನ ಕಡೆ ನೋಡುತ್ತಾರೆ. ತಮ್ಮೂರಿನ ಒಂದು ಸಹಕಾರ ಸಂಘವನ್ನೋ ಶಾಲೆಯನ್ನೋ ಆರಿಸಿಕೊಂಡು ಅದರ ಮೇಲ್ ವ್ಯವಸ್ಥೆಯನ್ನು ಸರಿಪಡಿಸಿದರೆ ಜಾಲ, ಗೂಢಲಿಪಿ, ಫೈರ್‌ವಾಲ್ ಎಲ್ಲದರ ಪಾಠವೂ ಅಲ್ಲೇ ಆಗುತ್ತದೆ. ಶುರು ಮಾಡಲು ತಂತ್ರಜ್ಞಾನವೇ ಬೇಡ. ಕಾರ್ಯದರ್ಶಿಯವರ ಬಳಿ ಸಿಬ್ಬಂದಿಯ ಹಾಜರಿ ಪುಸ್ತಕ ಕೇಳಿ ತೆಗೆದುಕೊಳ್ಳಬೇಕು, ಪಕ್ಕದಲ್ಲಿ ಮೇಲ್ ಖಾತೆಗಳ ಪಟ್ಟಿ ಇಟ್ಟುಕೊಳ್ಳಬೇಕು, ಒಂದೊಂದೇ ಹೆಸರು ತಾಳೆ ನೋಡಬೇಕು. ಹಾಜರಿಯಲ್ಲಿ ಇದ್ದು ಖಾತೆ ಇಲ್ಲದವರಿಗೆ ಖಾತೆ ಮಾಡಿಕೊಟ್ಟು, ಅವರ ಫೋನಿನಲ್ಲಿ ಎರಡನೇ ಕೀಲಿ ಹಾಕಿಸಬೇಕು. ವರ್ಗವಾದವರ, ನಿವೃತ್ತರಾದವರ, ಕೆಲಸ ಬಿಟ್ಟವರ ಹೆಸರಿನ ಖಾತೆಗಳನ್ನು ಅವತ್ತೇ ಸಂಜೆಯೊಳಗೆ ಮುಚ್ಚಿ, ಅವರಿಗೆ ಗೊತ್ತಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿಬಿಡಬಹುದು.